ಕುಳಿತ ದೇಹಕ್ಕೆ ಹೊಲಿದ ಬಟ್ಟೆ: ಮಾಟುಂಗಾದ ಒಂದು ಹೊಲಿಗೆಯಂಗಡಿ

ಕಳೆದ ಹದಿನಾಲ್ಕು ತಿಂಗಳಲ್ಲಿ ಮಾಟುಂಗಾ ಪೂರ್ವದ ಒಂದು ಪುಟ್ಟ ಹೊಲಿಗೆಯಂಗಡಿಯಲ್ಲಿ ನಮ್ಮ ಮನೆಯ ಇಬ್ಬರಿಗೆ, ಅಂದರೆ ನನಗೂ ನನ್ನ ಅತ್ತೆಯವರಿಗೂ, ಒಟ್ಟು ಒಂಬತ್ತು ಉಡುಪುಗಳನ್ನು ಹೊಲಿಸಿದ್ದೇನೆ: ಮೂರು ಪ್ಯಾಂಟು, ನಾಲ್ಕು ರವಿಕೆ, ಒಂದು ಸೀರೆ, ಒಂದು ಮಳೆಯಂಗಿ. ಇವುಗಳಲ್ಲಿ ಪ್ಯಾಂಟುಗಳು ನನ್ನ ದಿನಚರಿಯನ್ನೇ ಬದಲಿಸಿವೆ, ರವಿಕೆಗಳು ಎರಡನೆಯ ಪ್ರಯತ್ನದಲ್ಲಿ ಸರಿಯಾಗಿವೆ, ಸೀರೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ, ಮಳೆಯಂಗಿ ಮಾತ್ರ ಪೂರ್ತಿ ಕೆಟ್ಟಿದೆ. ಮುಂಬಯಿಯಲ್ಲಿ ಗಾಲಿಕುರ್ಚಿ ಬಳಸುವ ಅಥವಾ ಪಾರ್ಶ್ವವಾಯು ಆದವರನ್ನು ನೋಡಿಕೊಳ್ಳುವ ಕನ್ನಡಿಗರು ಈ ಅಂಗಡಿಯ ಕುರಿತು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆಯದಿರುವುದು ಅದನ್ನು ನಡೆಸುವ ಟೇಲರ್ ಮಾಸ್ತರರ ಕೋರಿಕೆಯಂತೆ. ಇಂತಹ ಕೆಲಸವನ್ನು ಅವರು ತಿಂಗಳಿಗೆ ಐದಾರಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಸ್ಟೇಷನ್ನಿನ ಪೂರ್ವ ಬದಿಯ ಹೂವಿನ ಅಂಗಡಿಗಳ ಸಾಲಿನಲ್ಲಿ ಸೋಲಾಪುರದ ಟೇಲರ್ ಮಾಸ್ತರರು ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ.

ಒಂಬತ್ತು ವರ್ಷಗಳ ಹಿಂದೆ ಬೆನ್ನುಹುರಿಗೆ ಪೆಟ್ಟಾದ ಮೇಲೆ ನನಗೆ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ನಾನು ಗಾಲಿಕುರ್ಚಿಯಲ್ಲಿ ಕುಳಿತೇ ಇರುತ್ತೇನೆ. ಆದರೆ ಅಂಗಡಿಗಳಲ್ಲಿ ಸಿಗುವ ಪ್ರತಿಯೊಂದು ಪ್ಯಾಂಟನ್ನೂ ನಿಂತವರಿಗಾಗಿಯೇ ಕತ್ತರಿಸಿರುತ್ತಾರೆ. ಅದನ್ನು ತೊಟ್ಟು ಕುಳಿತರೆ ಬೆನ್ನ ಕಡೆ ಪಟ್ಟಿ ಕೆಳಗೆ ಜಾರುತ್ತದೆ, ಹೊಟ್ಟೆಯ ಬಳಿ ಬಟ್ಟೆ ಮುದ್ದೆಯಾಗಿ ಒತ್ತುತ್ತದೆ, ಮಂಡಿಯ ಹಿಂದೆ ಮಡಿಕೆ ಬಿದ್ದು ರಕ್ತ ಕಟ್ಟುತ್ತದೆ, ಕಾಲಿನ ಅಂಚು ಮೀನಖಂಡದವರೆಗೆ ಮೇಲೇರುತ್ತದೆ. ಇವೆಲ್ಲ ನೋಟಕ್ಕೆ ಸಂಬಂಧಿಸಿದ ತೊಂದರೆಗಳೆಂದು ಬೇರೆಯವರಿಗೆ ಅನ್ನಿಸಬಹುದು. ಸ್ಪರ್ಶಜ್ಞಾನ ಇಲ್ಲದವರಿಗೆ ಹಿಂಬದಿಯ ಜೇಬಿನ ದಪ್ಪ ಹೊಲಿಗೆ, ಜೀನ್ಸಿನ ತಾಮ್ರದ ರಿವೆಟ್ಟು, ಕೊನೆಗೆ ಬಟ್ಟೆಯ ಒಂದು ಸುಕ್ಕು ಕೂಡ ಅಪಾಯಕಾರಿ. ಮೂಳೆಗೂ ಆಸನಕ್ಕೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅಲ್ಲಿ ಹುಣ್ಣಾಗುವುದು ಸಾಧ್ಯ. ನೋವಿನ ಎಚ್ಚರಿಕೆ ಬರದ ಕಾರಣ ಅದು ಬಟ್ಟೆ ಬಿಚ್ಚಿದಾಗಲೇ ತಿಳಿಯುತ್ತದೆ. ಅಪಘಾತವಾದ ಎರಡನೆಯ ವರ್ಷ ಒಂದು ಜೀನ್ಸಿನ ರಿವೆಟ್ಟಿನಿಂದ ಆದ ಹುಣ್ಣು ಮಾಯಲು ನಾನು ಹನ್ನೊಂದು ವಾರ ಬೋರಲು ಮಲಗಿದ್ದೆ. ಅಂದಿನಿಂದ ಈ ಅಂಗಡಿ ಸಿಗುವವರೆಗೆ ನಾನು ತೊಟ್ಟಿದ್ದೆಲ್ಲ ಎರಡು ಅಳತೆ ದೊಡ್ಡದಾದ ಪೈಜಾಮಗಳನ್ನು. ಕಚೇರಿಗೂ ಅವೇ, ಮದುವೆ ಮನೆಗೂ ಅವೇ.

ಅಂಗಡಿಗೆ ಮೊದಲ ಬಾರಿ ಹೋದಾಗ ನನಗೆ ಒಳಗೆ ಹೋಗಲಾಗಲಿಲ್ಲ. ಬಾಗಿಲಲ್ಲಿ ಎರಡು ಮೆಟ್ಟಿಲುಗಳಿವೆ, ಒಳಗಿನ ಜಾಗ ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜಿಗೆ ಸಾಕಾಗುವಷ್ಟು ಮಾತ್ರ. ಇದು ನಿಜವಾದ ಕೊರತೆ, ಇದನ್ನು ಮರೆಮಾಚುವುದಿಲ್ಲ. ಮಾಸ್ತರರು ಹೊರಗೆ ಬಂದು ಫುಟ್‌ಪಾತಿನ ಮೇಲೆಯೇ ನನ್ನ ಹಳೆಯ ಪ್ಯಾಂಟನ್ನು ತಿರುಗಿಸಿ ನೋಡಿದರು. ಅಳತೆಯನ್ನು ಇಲ್ಲಿ ತೆಗೆಯುವುದಿಲ್ಲ, ಮನೆಗೆ ಬಂದು ತೆಗೆಯುತ್ತೇವೆ ಎಂದರು. ನಾನು ರೂಢಿಯಂತೆ ನನ್ನ ಹಳೆಯ ಅಳತೆಗಳನ್ನು ಹೇಳಲು ಹೊರಟೆ. ಆಗ ಅವರು, “ಅಕ್ಕಾರ, ನಿಂತು ತಗೊಂಡ ಅಳತಿ ಕುಂತವರಿಗೆ ಹೆಂಗ ಬರ್ತದರಿ?” ಎಂದು ಕೇಳಿದರು. ಒಂಬತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದ ಮೊದಲ ಮನುಷ್ಯ ಅವರು.

ಮುಂದಿನ ಭಾನುವಾರ ಅವರೂ ಅವರ ಪತ್ನಿಯೂ ಘಾಟ್ಕೋಪರಿನ ನಮ್ಮ ಮನೆಗೆ ಬಂದರು. ಹೆಂಗಸರ ಅಳತೆಯನ್ನು ಪತ್ನಿಯೇ ತೆಗೆಯುತ್ತಾರೆ, ಮಾಸ್ತರರು ದೂರ ಕುಳಿತು ಬರೆದುಕೊಳ್ಳುತ್ತಾರೆ. ನಾನು ದಿನವೂ ಬಳಸುವ ಕುರ್ಚಿಯಲ್ಲಿ, ದಿನವೂ ಬಳಸುವ ಗಾಳಿದಿಂಬಿನ ಮೇಲೆ, ಪಾದಗಳನ್ನು ಪಾದಪಟ್ಟಿಯ ಮೇಲಿಟ್ಟು ಕುಳಿತಂತೆಯೇ ಅಳತೆ ಆಯಿತು. ದಿಂಬಿನ ಎತ್ತರ ಒಂದು ಇಂಚು ಬದಲಾದರೂ ಮಂಡಿ ಮಡಿಯುವ ಕೋನ ಬದಲಾಗುತ್ತದೆ ಎಂಬುದನ್ನು ಆಕೆ ಆಗಲೇ ತಿಳಿದಿದ್ದರು. ಸೊಂಟದಿಂದ ಬೆನ್ನಿನ ಮೇಲೆ ಹಾಯ್ದು ಆಸನದವರೆಗೆ ಒಂದು ಅಳತೆ, ಹೊಟ್ಟೆಯ ಮಡಿಕೆಯಿಂದ ತೊಡೆಸಂದಿಯವರೆಗೆ ಒಂದು, ಸೊಂಟದ ಬದಿಯಿಂದ ಬಾಗಿದ ಮಂಡಿಯ ಮೇಲೆ ಹಾದು ಹಿಮ್ಮಡಿಯವರೆಗೆ ಇನ್ನೊಂದು. ಬಳಿಕ ಗಾಲಿಗಳನ್ನು ಹತ್ತು ಬಾರಿ ತಳ್ಳಲು ಹೇಳಿ, ತೋಳು ಹಿಂದಕ್ಕೆ ಹೋದಾಗ ಬೆನ್ನಗಲ ಎಷ್ಟು ಹಿಗ್ಗುತ್ತದೆ ಎಂಬುದನ್ನೂ ನೋಡಿದರು. ಮುಕ್ಕಾಲು ಗಂಟೆ ಬೇಕಾಯಿತು. ಇದಕ್ಕೆ ಅವರು ಪ್ರತ್ಯೇಕ ಹಣ ಪಡೆಯುವುದಿಲ್ಲ, ಹೋಗಿಬರುವ ರಿಕ್ಷಾದ ಖರ್ಚನ್ನು ಮಾತ್ರ ಕೊಡಬೇಕು.

ನನ್ನ ಹಳೆಯ ಪ್ಯಾಂಟಿನ ಹಿಂಬದಿಯ ಆಸನ, ಅಂದರೆ ತೊಡೆಸಂದಿಯಿಂದ ಬೆನ್ನ ಕಡೆಯ ಪಟ್ಟಿಯವರೆಗಿನ ಉದ್ದ, 15 ಇಂಚು ಇತ್ತು. ಹೊಸದರಲ್ಲಿ ಅದು 18½ ಇಂಚು. ಮುಂದೆ 11½ ಇದ್ದದ್ದು 9½ಕ್ಕೆ ಇಳಿದಿದೆ. ಈ ನಾಲ್ಕು ಅಂಕೆಗಳಲ್ಲೇ ಕುಳಿತವರ ಪ್ಯಾಂಟಿನ ಗುಟ್ಟು ಬಹುಪಾಲು ಅಡಗಿದೆ. ಹಿಂಬದಿ ಎತ್ತರವಾಗಿರುವುದರಿಂದ ಬಾಗಿದಾಗಲೂ ಬೆನ್ನು ಕಾಣುವುದಿಲ್ಲ, ಮುಂಬದಿ ತಗ್ಗಾಗಿರುವುದರಿಂದ ಹೊಟ್ಟೆಯ ಮೇಲೆ ಒತ್ತಡವಿಲ್ಲ. ಹಿಂದಿನ ಜೇಬುಗಳಿಲ್ಲ, ಬದಲಾಗಿ ತೊಡೆಯ ಮೇಲ್ಭಾಗದಲ್ಲಿ, ಕುಳಿತಾಗ ಕೈಗೆ ಸಹಜವಾಗಿ ಸಿಗುವ ಕಡೆ, ಓರೆಯಾದ ಎರಡು ಜೇಬುಗಳಿವೆ, ಫೋನು ಜಾರಿ ಬೀಳದಂತೆ ಅವುಗಳಿಗೆ ಮುಚ್ಚಳವೂ ಇದೆ. ಕುಳಿತಾಗ ಮೈಕೆಳಗೆ ಬರುವ ಭಾಗವನ್ನು ಜೋಡುಹೊಲಿಗೆಯಿಲ್ಲದ ಒಂದೇ ತುಂಡಿನಲ್ಲಿ ಕತ್ತರಿಸಿದ್ದಾರೆ. ಇದಕ್ಕೆ ಬಟ್ಟೆ ಕಾಲು ಮೀಟರ್ ಹೆಚ್ಚು ಬೇಕಾಗುತ್ತದೆ, ಆದರೆ ನನ್ನ ಮೂಳೆಯ ಕೆಳಗೆ ಈಗ ಒಂದು ಹೊಲಿಗೆಯೂ ಬರುವುದಿಲ್ಲ. ಮುಂದಿನ ಜಿಪ್ಪು ಸಾಮಾನ್ಯಕ್ಕಿಂತ ಉದ್ದವಾಗಿ ತೊಡೆಸಂದಿಯ ಕೆಳಗಿನವರೆಗೆ ತೆರೆಯುತ್ತದೆ. ದಿನಕ್ಕೆ ನಾಲ್ಕೈದು ಬಾರಿ ನಳಿಕೆ ಹಾಕಿ ಮೂತ್ರ ಹೊರತೆಗೆಯಬೇಕಾದ ನನ್ನಂಥವರಿಗೆ ಕುರ್ಚಿಯಿಂದ ಇಳಿಯದೆಯೇ ಕಚೇರಿಯ ಶೌಚಾಲಯದಲ್ಲಿ ಕೆಲಸ ಮುಗಿಸಲು ಸಾಧ್ಯವಾಗುವುದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಮೊದಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದ ಕೆಲಸ ಈಗ ಎಂಟು ನಿಮಿಷಕ್ಕೆ ಮುಗಿಯುತ್ತದೆ. ಇನ್ನು ಮುಂದೆ ನೀರು ಕುಡಿಯುವುದನ್ನು ಕಡಿಮೆ ಮಾಡಬೇಕಾಗಿಲ್ಲ.

ಬಟ್ಟೆಯನ್ನು ನಾವೇ ಕೊಂಡು ಕೊಡಬೇಕು. ಮಾಸ್ತರರ ಸಲಹೆಯಂತೆ ದಾದರಿನ ಹಿಂದ್‌ಮಾತಾದಲ್ಲಿ ಸ್ವಲ್ಪ ಹಿಗ್ಗುವ ಹತ್ತಿಯ ಬಟ್ಟೆಯನ್ನು ತಂದೆವು. ಪೂರ್ಣ ಸಿಂಥೆಟಿಕ್ ಬಟ್ಟೆ ಬೇಡವೆಂದು ಅವರು ಖಂಡಿತವಾಗಿ ಹೇಳಿದರು. ಮುಂಬಯಿಯ ಸೆಕೆಯಲ್ಲಿ ಬೆವರು ಒಳಗೇ ನಿಂತರೆ ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಒಂದು ಪ್ಯಾಂಟಿನ ಹೊಲಿಗೆಗೆ 950 ರೂಪಾಯಿ ಕೊಟ್ಟೆ. ಸಾಮಾನ್ಯ ಹೊಲಿಗೆಗಿಂತ ಇದು ಹೆಚ್ಚೇ, ಆದರೂ ಕೆಲಸ ನೋಡಿದ ಮೇಲೆ ನ್ಯಾಯವಾದ ಬೆಲೆ ಎಂದೇ ಹೇಳುತ್ತೇನೆ.

ಅತ್ತೆಯವರದು ಬೇರೆಯೇ ಕಥೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ಪಾರ್ಶ್ವವಾಯುವಿನಿಂದ ಎಡಗೈ ಬಿಗಿಯಾಗಿ ಮಡಚಿಕೊಂಡಿದೆ. ಐವತ್ತು ವರ್ಷ ಸೀರೆ ರವಿಕೆಯಲ್ಲಿ ಬದುಕಿದ ಹೆಂಗಸು ಎರಡು ವರ್ಷಗಳಿಂದ ನೈಟಿಯಲ್ಲಿದ್ದರು, ಮನೆಗೆ ಯಾರಾದರೂ ಬಂದರೆ ಒಳಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಬಟ್ಟೆ ತೊಡಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಅದನ್ನೇ ಕೊನೆಗೆ ತೆಗೆಯಬೇಕು ಎಂಬ ನಿಯಮವನ್ನು ಪುನರ್ವಸತಿ ಕೇಂದ್ರಗಳಲ್ಲಿ ಕಲಿಸುತ್ತಾರೆ; ಮುಂಬಯಿಯವರಿಗೆ 1955ರಲ್ಲಿ ಆರಂಭವಾದ, ಹಾಜಿ ಅಲಿಯಲ್ಲಿರುವ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಪರಿಚಿತವೇ. ನಿಯಮ ಗೊತ್ತಿದ್ದರೂ ರವಿಕೆಯ ತೋಳೇ ಬಿಗಿಯಾಗಿದ್ದರೆ ಏನು ಮಾಡುವುದು? ಅವರ ಮಡಚಿದ ಮೊಣಕೈಯನ್ನು ಹಿಗ್ಗಿಸುವಾಗ ಅವರು ಹಲ್ಲು ಕಚ್ಚಿಕೊಳ್ಳುವುದನ್ನು ನೋಡಿ ನನ್ನ ಪತಿಯೇ ರವಿಕೆ ಬೇಡವೆಂದು ಬಿಟ್ಟಿದ್ದರು.

ಮಾಸ್ತರರು ಎಡಭುಜದಿಂದ ತೋಳಿನ ಅಂಚಿನವರೆಗೆ ಇಡೀ ಹೊಲಿಗೆಯನ್ನು ತೆರೆದು, ಅಲ್ಲಿ ವೆಲ್ಕ್ರೋ ಪಟ್ಟಿಯನ್ನು ಕೂರಿಸಿದರು. ತೋಳಿನೊಳಗೆ ಕೈ ತೂರಿಸುವ ಬದಲು ಕೈಯ ಸುತ್ತ ಬಟ್ಟೆಯನ್ನು ಹೊದಿಸಿ ಅಂಟಿಸಿದರಾಯಿತು. ಮುಂದಿನ ಹುಕ್ಕುಗಳ ಜಾಗದಲ್ಲಿಯೂ ವೆಲ್ಕ್ರೋ ಇಟ್ಟು, ಅದರ ಮೇಲೆ ನೋಟಕ್ಕೆ ಮಾತ್ರ ಗುಂಡಿಗಳನ್ನು ಹೊಲಿದರು. ಹೊಲದ ಬದುವಿನಲ್ಲಿ ನಡೆದು ಬಂದರೆ ಸೀರೆಯ ಅಂಚಿಗೆ ಉತ್ತರಾಣಿ ಹತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥದೇ ಒಂದು ಮುಳ್ಳುಕಾಯಿ 1941ರಲ್ಲಿ ನಾಯಿಯ ರೋಮಕ್ಕೆ ಅಂಟಿದ್ದನ್ನು ಪರೀಕ್ಷಿಸಿ ಜಾರ್ಜ್ ದ ಮೆಸ್ತ್ರಾಲ್ ಎಂಬ ಸ್ವಿಸ್ ಎಂಜಿನಿಯರ್ ಈ ವೆಲ್ಕ್ರೋವನ್ನು ರೂಪಿಸಿದರು. ಹತ್ತುವ ಗುಣ ಅದರ ಬಲವೂ ಹೌದು, ದೋಷವೂ ಹೌದು. ಆರು ವಾರಗಳಲ್ಲಿ ಅತ್ತೆಯವರ ಉದುರಿದ ಕೂದಲು, ಟವೆಲ್ಲಿನ ಎಳೆ, ಸೀರೆಯ ನೂಲು ಎಲ್ಲವೂ ಅದರಲ್ಲಿ ಸಿಕ್ಕಿ ಹಿಡಿತ ಕಡಿಮೆಯಾಯಿತು. ಗಡುಸು ಬದಿಯ ಮೂಲೆಗಳು ಅವರ ಭುಜವನ್ನು ಗೀರಿದವು. ಅದಕ್ಕಿಂತ ಹೆಚ್ಚಾಗಿ, ಬಿಚ್ಚುವಾಗ ಬರುವ ಪರ್ ಎಂಬ ಸದ್ದಿಗೆ ಅವರು ಮುಜುಗರಪಡುತ್ತಿದ್ದರು. ನಾನು ಫೋನು ಮಾಡಿ ತಿಳಿಸಿದಾಗ ಮಾಸ್ತರರು ವಾದ ಮಾಡಲಿಲ್ಲ. ನಾಲ್ಕೂ ರವಿಕೆಗಳನ್ನು ವಾಪಸು ತರಿಸಿಕೊಂಡು, ವೆಲ್ಕ್ರೋ ತೆಗೆದು, ಒಂದೇ ಹೆಬ್ಬೆರಳಿನಿಂದ ಒತ್ತಬಹುದಾದ ದೊಡ್ಡ ಟಿಚ್ ಬಟನ್‌ಗಳನ್ನು ಹಾಕಿ, ಒಳಗೆ ಮೃದುವಾದ ಅಸ್ತರಿನ ಪಟ್ಟಿಯನ್ನು ಹೊಲಿದು ಕೊಟ್ಟರು. ಎರಡನೆಯ ಕೆಲಸಕ್ಕೆ ಹಣ ಪಡೆಯಲಿಲ್ಲ. ಈಗ ಅತ್ತೆಯವರು ಬಲಗೈಯಿಂದ ತಾವೇ ಬಟನ್‌ಗಳನ್ನು ಒತ್ತಿಕೊಳ್ಳುತ್ತಾರೆ. ಮೊದಲ ದಿನ ಕನ್ನಡಿಯ ಮುಂದೆ ಕೂರಿಸೆಂದರು, ತುಂಬ ಹೊತ್ತು ಕುಳಿತರು. ಸಂಜೆ ಪಕ್ಕದ ಮನೆಯವರು ಬಂದಾಗ ಒಳಗೆ ಹೋಗಲಿಲ್ಲ.

ಇಲ್ಲಿಯೇ ಒಂದು ಗಂಭೀರವಾದ ಆಕ್ಷೇಪವನ್ನು ದಾಖಲಿಸಬೇಕು. ವೆಲ್ಕ್ರೋಗೆ ಬದಲಿಯಾಗಿ ಮಾಸ್ತರರು ಮೊದಲು ಸೂಚಿಸಿದ್ದು ಕಾಂತದ ಗುಂಡಿಗಳನ್ನು. ಹತ್ತಿರ ತಂದರೆ ತಾವಾಗಿಯೇ ಕೂಡಿಕೊಳ್ಳುವ ಈ ಗುಂಡಿಗಳು ನಡುಗುವ ಕೈಗಳಿಗೆ, ಒಂದೇ ಕೈ ಇರುವವರಿಗೆ ಬಹಳ ಅನುಕೂಲ ಎಂಬುದು ನಿಜ. ಆದರೆ ನನ್ನ ಅತ್ತೆಯವರ ಎದೆಯಲ್ಲಿ ಹೃದಯಬಡಿತವನ್ನು ಕ್ರಮದಲ್ಲಿಡುವ ಪೇಸ್‌ಮೇಕರ್ ಇದೆ. ಕಾಂತವು ಆ ಯಂತ್ರದ ಕೆಲಸವನ್ನು ಬದಲಿಸಬಲ್ಲದು. ಸುಮಾರು 15 ಸೆಂಟಿಮೀಟರ್ ದೂರವಿಡಬೇಕೆಂಬುದು ಸಾಮಾನ್ಯವಾಗಿ ಕೊಡುವ ಎಚ್ಚರಿಕೆ, ರವಿಕೆಯ ಗುಂಡಿಯಾದರೋ ನೇರ ಅದರ ಮೇಲೆಯೇ ಕೂರುತ್ತದೆ. ಇದನ್ನು ನಾನೇ ಹೇಳಬೇಕಾಯಿತು, ಅವರು ಕೇಳಿರಲಿಲ್ಲ. ಹೇಳಿದ ಮೇಲೆ ಅವರು ನಿಜವಾಗಿಯೂ ಗಾಬರಿಗೊಂಡು, ಅಳತೆಯ ಪುಸ್ತಕದ ಮೊದಲ ಪುಟದಲ್ಲಿಯೇ ಆ ಪ್ರಶ್ನೆಯನ್ನು ಬರೆದುಕೊಂಡರು. ಆದರೂ ಅಲ್ಲಿಗೆ ಹೋಗುವವರು ತಾವೇ ಮೊದಲು ತಿಳಿಸಿಬಿಡುವುದು ಕ್ಷೇಮ.

ಇಂತಹ ಉಡುಪುಗಳು ವಿದೇಶಗಳಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಟಾಮಿ ಹಿಲ್‌ಫಿಗರ್ ಕಂಪನಿ 2016ರಲ್ಲಿ ಅಂಗವೈಕಲ್ಯವಿರುವ ಮಕ್ಕಳಿಗಾಗಿ, ಮರುವರ್ಷ ದೊಡ್ಡವರಿಗಾಗಿ ಕಾಂತದ ಗುಂಡಿಗಳಿರುವ ಉಡುಪುಗಳನ್ನು ತಂದಿತು; ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ಕುಂದುವ ಸ್ಥಿತಿ) ಇದ್ದ ಒಬ್ಬ ಹುಡುಗ ಲೇಸು ಕಟ್ಟಲಾಗದ ಕಷ್ಟವನ್ನು ಬರೆದು ತಿಳಿಸಿದ ಮೇಲೆ ನೈಕಿ 2015ರಲ್ಲಿ ಹಿಮ್ಮಡಿಯ ಕಡೆ ಜಿಪ್ಪಿನಿಂದ ತೆರೆಯುವ ಫ್ಲೈಈಸ್ ಶೂಗಳನ್ನು ಹೊರತಂದಿತು. ಸೋದರಳಿಯ ನನಗೆ ಅಂತಹ ಒಂದು ಅಂಗಿಯನ್ನು ತಂದುಕೊಟ್ಟಿದ್ದಾನೆ, ಅದರ ಕೆಲಸ ಅಚ್ಚುಕಟ್ಟಾಗಿದೆ, ಸಂತೋಷದಿಂದ ತೊಡುತ್ತೇನೆ. ಆದರೆ ರವಿಕೆಯನ್ನು, ಸೀರೆಯನ್ನು ನಮಗಾಗಿ ಯೋಚಿಸಬೇಕಾದವರು ನಮ್ಮಲ್ಲಿಯೇ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಅದರ 43ನೆಯ ಕಲಮು ಎಲ್ಲರೂ ಬಳಸಬಹುದಾದ ರೀತಿಯಲ್ಲಿ ರೂಪಿಸಿದ ದಿನಬಳಕೆಯ ವಸ್ತುಗಳ ತಯಾರಿಕೆಯನ್ನು ಸರ್ಕಾರ ಪ್ರೋತ್ಸಾಹಿಸಬೇಕು ಎನ್ನುತ್ತದೆ. ಉಡುಪಿಗಿಂತ ಹೆಚ್ಚು ದಿನಬಳಕೆಯ ವಸ್ತು ಯಾವುದಿದೆ? ಈ ನಗರದ ದೊಡ್ಡ ಮಳಿಗೆಯೊಂದರಲ್ಲಿ ಬಟ್ಟೆ ತೊಟ್ಟು ನೋಡುವ ಕೋಣೆಯ ಬಾಗಿಲಿಗಿಂತ ನನ್ನ ಕುರ್ಚಿ ಅಗಲವಾಗಿತ್ತು; ಹೊರಗೆಯೇ ಮೈಮೇಲೆ ಹಿಡಿದು ನೋಡಿಕೊಳ್ಳಿ ಎಂದು ಸಿಬ್ಬಂದಿ ಹೇಳಿದ್ದರು.

ಈಗ ಸೀರೆಯ ವಿಷಯ. ನನ್ನ ಅವ್ವ ಬಾಗಲಕೋಟೆಯಿಂದ ತಂದು ತನ್ನ ಕೊನೆಯ ದಿನಗಳವರೆಗೂ ಉಟ್ಟ ಎಂಟು ಗಜದ ಇಳಕಲ್ ಸೀರೆ ನನ್ನ ಬಳಿ ಇದೆ, ಕೆಂಪು ಸೆರಗಿನಲ್ಲಿ ಟೋಪು ತೆನೆ ಎಂಬ ಗೋಪುರದಂಥ ಬಿಳಿಯ ವಿನ್ಯಾಸ ಇರುವಂಥದು. ಗಾಲಿಕುರ್ಚಿಗೆ ಬಂದ ಮೇಲೆ ಅದನ್ನು ಒಂದೇ ಬಾರಿ ಉಟ್ಟಿದ್ದೆ. ಸೊಂಟದ ಸುತ್ತಿನ ಬಟ್ಟೆ ನನ್ನ ಕೆಳಗೆ ಗಂಟುಗಂಟಾಗಿ ಸೇರಿತು, ಅಂದು ಸಂಜೆ ಸೆರಗು ಕುರ್ಚಿಯ ಎಡಬದಿಯ ಗಾಲಿಗೆ ಸಿಕ್ಕಿ ಸುತ್ತಿಕೊಂಡು ಕುತ್ತಿಗೆಯನ್ನೇ ಎಳೆಯಿತು. ತಂಗಿ ಪಕ್ಕದಲ್ಲಿದ್ದುದರಿಂದ ಉಳಿದುಕೊಂಡೆ. ಆಮೇಲೆ ಸೀರೆ ಪೆಟ್ಟಿಗೆ ಸೇರಿತ್ತು. ಅದನ್ನು ಕತ್ತರಿಸುವ ಮಾತು ಬಂದಾಗ ನಾನು ಎರಡು ತಿಂಗಳು ಉತ್ತರ ಕೊಡಲಿಲ್ಲ, ಮಾಸ್ತರರೂ ಒತ್ತಾಯಿಸಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು) ಸೆರಗಿನ ಹಾಸುನೂಲನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯನ್ನು ಕತ್ತರಿ ಮುಟ್ಟಿದರೆ ಅದು ಇಳಕಲ್ ಸೀರೆಯಾಗಿ ಉಳಿಯುವುದಿಲ್ಲ ಎಂಬ ಭಯ ನನ್ನದು. ಸೋಲಾಪುರದವರಾದ ಅವರಿಗೆ ಇದನ್ನು ವಿವರಿಸುವ ಅಗತ್ಯವೇ ಬರಲಿಲ್ಲ. ಸೆರಗನ್ನು ಮುಟ್ಟುವುದಿಲ್ಲ, ಒಡಲಿನಲ್ಲಿ ಮಾತ್ರ ಕತ್ತರಿ ಇಡುತ್ತೇನೆ ಎಂದು ಸುಣ್ಣದ ಗೆರೆ ಎಳೆದು ತೋರಿಸಿ, ನನ್ನ ಎದುರಿಗೇ ಕತ್ತರಿಸಿದರು.

ಈಗ ಸೀರೆ ಎರಡು ಭಾಗವಾಗಿದೆ. ಕೆಳಭಾಗ ನಿರಿಗೆಗಳನ್ನು ಹೊಲಿದಿಟ್ಟ ಲಂಗದಂತಿದ್ದು, ಕುಳಿತಲ್ಲಿಯೇ ಮಡಿಲ ಮೇಲೆ ಹರಡಿ ಎರಡೂ ಬದಿಗಳಲ್ಲಿ ಹುಕ್ಕು ಹಾಕಿಕೊಳ್ಳಬಹುದು. ಒಳಗೆ ತೆಳುವಾದ ಹತ್ತಿಯ ಪೈಜಾಮ ತೊಡುವುದರಿಂದ ನನ್ನ ಮೈಕೆಳಗೆ ಸೀರೆಯ ಬಟ್ಟೆಯೇ ಇರುವುದಿಲ್ಲ. ಮೇಲ್ಭಾಗ ಸೊಂಟದ ಬಲಬದಿಯಿಂದ ಹೊರಟು ಎದೆಯ ಮೇಲೆ ಹಾಯ್ದು ಎಡಭುಜಕ್ಕೆ ಬರುತ್ತದೆ. ಸೆರಗು ಗಾಲಿಗೆ ತಾಗದಂತೆ ಅದರ ತುದಿಯನ್ನು ಬೆನ್ನ ಹಿಂದಿನಿಂದ ಮತ್ತೆ ಬಲಗಡೆಯಿಂದ ಮಡಿಲಿಗೆ ತಂದು ಒಂದು ಸಣ್ಣ ಕುಣಿಕೆಯಿಂದ ಸೊಂಟಕ್ಕೆ ಸಿಕ್ಕಿಸಿದ್ದಾರೆ; ಆದುದರಿಂದ ಟೋಪು ತೆನೆ ಬೆನ್ನ ಹಿಂದೆ ಮರೆಯಾಗದೆ ನನ್ನ ಮಡಿಲ ಮೇಲೆಯೇ ಎಲ್ಲರಿಗೂ ಕಾಣುವಂತೆ ಹರಡಿಕೊಳ್ಳುತ್ತದೆ. ಯಾರ ಸಹಾಯವೂ ಇಲ್ಲದೆ ಉಡಲು ನನಗೆ ಹನ್ನೆರಡು ನಿಮಿಷ ಸಾಕು. ಹೊಲಿಗೆಗೆ 1,400 ರೂಪಾಯಿ ಆಯಿತು. ಉಳಿದ ಒಡಲಿನ ತುಂಡನ್ನು, ಅಂಚಿನ ಒಂದು ಗೇಣಗಲದ ಪಟ್ಟಿಯನ್ನೂ ಬಿಡದೆ, ಮಡಚಿ ಸೀರೆಯ ಜೊತೆ ಹಿಂದಿರುಗಿಸಿದರು. ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅದನ್ನುಟ್ಟು ಹೋದಾಗ ನಮ್ಮೂರ ಕಡೆಯ ಹಿರಿಯ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಸೆರಗನ್ನು ಮುಟ್ಟಿ ನೋಡಿ, ಇದು ಹಳೆಯ ಕೈಯ ನೇಯ್ಗೆ ಎಂದರು. ಕುರ್ಚಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಮಳೆಯಂಗಿಯ ಸೋಲನ್ನೂ ಹೇಳಬೇಕು. ಕಳೆದ ಜೂನಿನಲ್ಲಿ ಹೊಲಿದ ಅದು ತಲೆಯಿಂದ ಪಾದಪಟ್ಟಿಯವರೆಗೆ ಕುರ್ಚಿಯನ್ನೂ ಸೇರಿಸಿ ಮುಚ್ಚುವಂತಿತ್ತು. ಕಲ್ಪನೆ ಒಳ್ಳೆಯದೇ, ಆದರೆ ಕುಳಿತ ಮಡಿಲು ತಟ್ಟೆಯಂತೆ ಸಪಾಟಾಗಿರುವುದರಿಂದ ಮಳೆನೀರು ಹರಿದು ಹೋಗದೆ ಅಲ್ಲಿಯೇ ಕೆರೆಯಂತೆ ನಿಂತಿತು. ಬದಿಯ ಅಂಚು ಗಾಲಿಯ ಕಡ್ಡಿಗಳಿಗೆ ಸಿಕ್ಕಿತು, ಕೈ ಹೊರಗೆ ತೆಗೆದು ತಳ್ಳಿದರೆ ತೋಳೊಳಗೆ ನೀರು ಇಳಿಯಿತು. ಎರಡೇ ದಿನ ಬಳಸಿ ಮೂಲೆಗೆ ಹಾಕಿದೆ. ಮಾಸ್ತರರು ಅರ್ಧ ಹಣ ವಾಪಸು ಕೊಟ್ಟಿದ್ದಾರೆ.

ವೇಳೆಗೆ ಸರಿಯಾಗಿ ಕೆಲಸ ಕೊಡುವ ಅಭ್ಯಾಸ ಅವರಿಗಿಲ್ಲ. ಹತ್ತು ದಿನ ಎಂದರೆ ಮೂರು ವಾರ ಎಂದು ತಿಳಿಯಬೇಕು, ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗೆ ಕೇಳಲೇಬಾರದು. ರಸೀದಿ ಕೊಡುವುದಿಲ್ಲ. ಕೃತಕ ಕಾಲು ಬಳಸುವವರಿಗೆ ಪ್ಯಾಂಟಿನ ಒಳಬದಿಯಲ್ಲಿ ಮಂಡಿಯವರೆಗೆ ಜಿಪ್ಪು ಹಾಕಿಕೊಡುತ್ತಾರೆ, ಹೊಲಿಗೆ ಚುಚ್ಚಿದರೆ ಸಹಿಸಲಾಗದ ಮಕ್ಕಳಿಗೆ ಹೊಲಿಗೆಯನ್ನು ಹೊರಬದಿಗೆ ತಂದು ಅಂಗಿ ಹೊಲಿಯುತ್ತಾರೆ ಎಂದು ಕೇಳಿದ್ದೇನೆ. ಇವೆರಡನ್ನೂ ನಾನು ಸ್ವತಃ ಕಂಡಿಲ್ಲವಾದ್ದರಿಂದ ಅಭಿಪ್ರಾಯ ಕೊಡಲಾರೆ. ಒಳ ಉಡುಪುಗಳನ್ನು ಅವರು ಹೊಲಿಯುವುದಿಲ್ಲ, ನಮಗೆ ಅದರ ಅಗತ್ಯ ಬಹಳ ಇದೆ.

ಅಳತೆಗೆ ಬರುವ ದಿನ ನೀವು ನಿತ್ಯ ಬಳಸುವ ಕುರ್ಚಿ, ದಿಂಬು, ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್ ಇದ್ದರೆ ಅದನ್ನೂ ಹಾಕಿಕೊಂಡಿರಬೇಕು. ಹೊಸ ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿಟ್ಟಿರಿ, ಇಲ್ಲವಾದರೆ ಹಿಂಬದಿಯ ಆಸನ ಮೊದಲ ಒಗೆತದಲ್ಲೇ ಅರ್ಧ ಇಂಚು ಕುಗ್ಗುತ್ತದೆ. ನನ್ನ ಎರಡನೆಯ ಪ್ಯಾಂಟಿಗೆ ಹಾಗೆಯೇ ಆಯಿತು. ಹೊಸ ಉಡುಪನ್ನು ಮೊದಲ ದಿನ ಒಂದು ಗಂಟೆ ಮಾತ್ರ ತೊಟ್ಟು, ಬಿಚ್ಚಿ, ಚರ್ಮದ ಮೇಲೆ ಕೆಂಪು ಗುರುತು ಬಿದ್ದಿದೆಯೇ ಎಂದು ಕನ್ನಡಿಯಲ್ಲಿ ಪರೀಕ್ಷಿಸಿಕೊಳ್ಳಿ. ಮೇ ತಿಂಗಳ ಕೊನೆಯ ವಾರ ಮಾಸ್ತರ ದಂಪತಿ ಎರಡನೆಯ ಮಳೆಯಂಗಿಯ ಅಳತೆಗಾಗಿ ನಮ್ಮ ಮನೆಗೆ ಬರಲಿದ್ದಾರೆ. ಈ ಬಾರಿ ನಿಮ್ಮ ಅಳತೆಯ ಜೊತೆಗೆ ಗಾಲಿಗಳ ಅಳತೆಯನ್ನೂ ತೆಗೆಯುತ್ತೇನೆ, ಮಡಿಲ ಮೇಲೆ ಒಂದು ತಂಬಿಗೆ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ನೋಡಿಯೇ ಬಟ್ಟೆಗೆ ಕತ್ತರಿ ಹಾಕುತ್ತೇನೆ ಎಂದು ಅವರು ಹೇಳಿದ್ದಾರೆ.